ಫೋಟೋ ತೋರಿಸಿ ಜನರ ಮನಸ್ಸು ಅಳೆಯೋದು ಹೇಗೆ? ಹವಾಮಾನ ಬದಲಾವಣೆ ಸರ್ವೆಗೆ ಹೊರಟೋರಿಗೆ

ಪ್ರತಿ ವರ್ಷ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಇದೇ ಪ್ರಶ್ನೆ. ಎಂಎಸ್‌ಡಬ್ಲ್ಯೂ ಓದೋರು, ಜರ್ನಲಿಸಂ ಓದೋರು, ಎನ್‌ಜಿಒಗೆ ಹೊಸದಾಗಿ ಸೇರಿರೋರು ಎಲ್ಲಾ ಕೇಳೋದು ಒಂದೇ, "ಕ್ಲೈಮೇಟ್ ಚೇಂಜ್ ಬಗ್ಗೆ ಜನ ಏನ್ ಅನ್ಕೊಂಡಿದ್ದಾರೆ ಅಂತ ಫೋಟೋ ತೋರಿಸಿ ಸರ್ವೆ ಮಾಡ್ಬೇಕು, ಎಷ್ಟು ಫೋಟೋ ಬೇಕು, ಎಷ್ಟು ಜನ ಬೇಕು?" ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಯ್ತು, ಅದಕ್ಕೆ ಒಂದ್ಸಲ ಕೂತು ಪೂರ್ತಿ ಬರೆದುಬಿಡ್ತೀನಿ.

ಫೋಟೋ ಯಾಕೆ ಬೇಕು ಅಂದ್ರೆ, "ನಿಮಗೆ ಪರಿಸರದ ಬಗ್ಗೆ ಕಾಳಜಿ ಇದೆಯಾ" ಅಂತ ಬಾಯಲ್ಲಿ ಕೇಳಿದ್ರೆ ಇಲ್ಲ ಅನ್ನೋರು ಯಾರಿದ್ದಾರೆ ಹೇಳಿ, ಬಂದೋರಿಗೆ ನೀರು ಕೊಟ್ಟಷ್ಟೇ ಸಲೀಸಾಗಿ ಹೌದು ಅಂತಾರೆ. ಫೋಟೋ ಮುಂದಿಟ್ರೆ ಆ ರೆಡಿಮೇಡ್ ಉತ್ತರ ಬರೋಕೆ ಸ್ವಲ್ಪ ತಡ ಆಗುತ್ತೆ, ಆ ತಡದಲ್ಲೇ ನಮಗೆ ಬೇಕಾದ್ದು ಸಿಗೋದು. ಆದ್ರೆ ಫೋಟೋ ತಾನಾಗೇ ಏನನ್ನೂ ಅಳೆಯಲ್ಲ. ಫೋಟೋದಲ್ಲಿ ಕರಡಿ ಇದ್ರೆ ಜನ ಕರಡಿ ಬಗ್ಗೆ ಮಾತಾಡ್ತಾರೆ, ಮಗು ಇದ್ರೆ ಮಗು ಬಗ್ಗೆ, ಮಂತ್ರಿ ಇದ್ರೆ ಆ ಪಾರ್ಟಿ ಬಗ್ಗೆ. ಅದರಲ್ಲಿ ಹವಾಮಾನಕ್ಕೆ ಸೇರಿದ್ದೆಷ್ಟು ಅಂತ ಬಿಡಿಸೋದೇ ಕಷ್ಟದ ಕೆಲಸ, ಕೆಳಗಿರೋ ಹಂತಗಳೆಲ್ಲಾ ಅದಕ್ಕೋಸ್ಕರನೇ.

ಬೇಕಾದ್ದು ಜಾಸ್ತಿ ಏನಿಲ್ಲ. ಪ್ರಿಂಟ್ ಹಾಕ್ಸಿದ 25 ಫೋಟೋ, ಒಂದು ದೊಡ್ಡ ಡ್ರಾಯಿಂಗ್ ಶೀಟ್, ಒಂದು ಹಿಡಿ ಹುಣಸೆಬೀಜ, ನೋಟ್‌ಬುಕ್, ಒಪ್ಪಿದ್ರೆ ರೆಕಾರ್ಡ್ ಮಾಡೋಕೆ ಮೊಬೈಲ್, ಜೊತೆಗೆ ಒಬ್ಬ ಸ್ನೇಹಿತ. ಸ್ನೇಹಿತ ಯಾಕೆ ಅಂತ 6ನೇ ಹಂತದಲ್ಲಿ ಹೇಳ್ತೀನಿ.

ಹಂತ 1: ಯಾವುದನ್ನ ಅಳೀತಿದ್ದೀರಿ ಅಂತ ಮೊದಲು ತೀರ್ಮಾನ ಮಾಡಿ

"ಫೋಟೋ ಮೂಲಕ ಅಭಿಪ್ರಾಯ" ಅನ್ನೋ ಹೆಸರಲ್ಲಿ ಮೂರು ಬೇರೆಬೇರೆ ಕೆಲಸ ಇವೆ, ಜನ ಮೂರನ್ನೂ ಕಲಸಿಬಿಡ್ತಾರೆ. ಒಂದು, ಹವಾಮಾನ ಬದಲಾವಣೆ ಅನ್ನೋ ಮಾತು ಕೇಳಿದ ತಕ್ಷಣ ಜನರ ಮನಸ್ಸಲ್ಲಿ ಯಾವ ಚಿತ್ರ ಬರುತ್ತೆ ಅನ್ನೋದು. ಎರಡು, ನೀವು ತೋರಿಸಿದ ಫೋಟೋ ನೋಡಿ ಏನು ಅನ್ಸುತ್ತೆ ಅನ್ನೋದು. ಮೂರು, ಜನ ತಾವಾಗೇ ಯಾವ ಫೋಟೋ ಹಾಕ್ತಿದ್ದಾರೆ, ಹಂಚ್ತಿದ್ದಾರೆ ಅನ್ನೋದು. ಮೊದಲನೇದಕ್ಕೆ ಫೋಟೋನೇ ಬೇಡ, ಎರಡನೇದಕ್ಕೆ ಫೋಟೋ ಕಾರ್ಡ್ ಬೇಕು, ಮೂರನೇದಕ್ಕೆ ಕಂಪ್ಯೂಟರ್ ಬೇಕು. ಮೊದಲನೇ ಸಲ ಮಾಡೋರು ಒಂದನ್ನೂ ಎರಡನ್ನೂ ಸೇರಿಸಿ ಮಾಡಿ, ಮೂರನೇದು ಬೇಕೇಬೇಕು ಅಂದ್ರೆ ಮಾತ್ರ ಕೈ ಹಾಕಿ.

ಹಂತ 2: ಫೋಟೋ ಹೊರಗೆ ತೆಗೆಯೋ ಮುಂಚೆ ಒಂದು ಪ್ರಶ್ನೆ

ಅಮೆರಿಕದ ಯೇಲ್ ಯೂನಿವರ್ಸಿಟಿಯ ಆಂಥನಿ ಲೈಸರೊವಿಟ್ಸ್ ಅನ್ನೋ ಸಂಶೋಧಕರು ಬಹಳ ಬಳಸಿದ ವಿಧಾನ ಇದು, ಸರಳವಾಗಿದೆ. "ಜಾಗತಿಕ ತಾಪಮಾನ ಏರಿಕೆ ಅಂದ ತಕ್ಷಣ ನಿಮ್ಮ ಮನಸ್ಸಿಗೆ ಮೊದಲು ಬರೋ ಮಾತು ಅಥವಾ ಚಿತ್ರ ಯಾವುದು?" ಅಂತ ಕೇಳೋದು, ಅವರು ಹೇಳಿದ್ದನ್ನ ಹಾಗೇ ಬರ್ಕೊಳ್ಳೋದು, ಆಮೇಲೆ ಆ ಚಿತ್ರ ಎಷ್ಟು ಕೆಟ್ಟದು ಎಷ್ಟು ಒಳ್ಳೇದು ಅಂತ ಮೈನಸ್ 5ರಿಂದ ಪ್ಲಸ್ 5ರವರೆಗೆ ಅಂಕ ಕೊಡೋಕೆ ಹೇಳೋದು. ಅಮೆರಿಕದಲ್ಲಿ ಕೇಳಿದಾಗ ಕರಗೋ ಹಿಮದ ಚಿತ್ರವೇ ಎಲ್ಲಕ್ಕಿಂತ ಹೆಚ್ಚು ಬಂತು, ಅಂದ್ರೆ ತಮ್ಮ ಮನೆಯಿಂದ ಬಹಳ ದೂರ ಇರೋದು.

ಕನ್ನಡದಲ್ಲಿ ಕೇಳುವಾಗ ಒಂದು ದೊಡ್ಡ ಹಳ್ಳ ಇದೆ, ಹುಷಾರು. ನಮ್ಮಲ್ಲಿ ಹವಾಮಾನ ಅಂದ್ರೆ ಇವತ್ತಿನ ಮಳೆ ಬಿಸಿಲೂ ಹೌದು, ಮೂವತ್ತು ವರ್ಷದ ಸರಾಸರಿಯೂ ಹೌದು. ಟಿವಿಯಲ್ಲಿ "ಹವಾಮಾನ ವರದಿ" ಅಂದ್ರೆ ನಾಳೆ ಮೋಡ ಇರುತ್ತಾ ಅಂತ. ವಾಯುಗುಣ ಅನ್ನೋ ಪದ ಸಮಾಜ ವಿಜ್ಞಾನದ ಪುಸ್ತಕದಲ್ಲಿದೆ ನಿಜ, ಆದ್ರೆ ಪರೀಕ್ಷೆ ಮುಗಿದ ಮೇಲೆ ಅದನ್ನ ಯಾರೂ ಮುಟ್ಟಲ್ಲ. ಇನ್ನು ವಯಸ್ಸಾದವರಿಗೆ "ಹವಾ ಬದಲಾವಣೆ" ಅಂದ್ರೆ ಕಾಯಿಲೆ ಬಿದ್ದೋರು ಒಂದಿಷ್ಟು ದಿನ ಬೇರೆ ಊರಿಗೆ ಹೋಗಿ ಇದ್ದು ಬರೋದು! ಹಂಗಾಗಿ "ಹವಾಮಾನ ಬದಲಾವಣೆ ಅಂದ್ರೆ ಏನು ನೆನಪಾಗುತ್ತೆ" ಅಂತ ಕೇಳಿದ್ರೆ ನೆಗಡಿ, ಕೆಮ್ಮು, ಜ್ವರ ಅಂತ ಉತ್ತರ ಬಂದ್ರೆ ಅದು ಅಜ್ಞಾನ ಅಂತ ಬರೀಬೇಡಿ, ನಿಮ್ಮ ಪದ ಹಂಗಿದೆ ಅಷ್ಟೇ.

ಅದಕ್ಕೆ ಎರಡು ರೀತಿ ಕೇಳಿ. ಮೊದಲು ನಿಮ್ಮ ಸರ್ಕಾರಿ ಪದದಲ್ಲಿ, ಆಮೇಲೆ ಅವರ ಪದದಲ್ಲಿ. ರೈತರ ಹತ್ರ ಹೋದ್ರೆ "ಮುಂಗಾರು ಮುಂಚಿನ ಥರಾನೇ ಬರ್ತಿದೆಯಾ? ರೋಹಿಣಿ, ಮೃಗಶಿರ, ಆರಿದ್ರಾ ಮಳೆ ಟೈಮಿಗೆ ಸರಿಯಾಗಿ ಆಗ್ತಿದೆಯಾ?" ಅಂತ ಕೇಳಿ ನೋಡಿ, ಆಗ ಮಾತು ನಿಲ್ಲಲ್ಲ. ಯೇಲ್‌ನವರು ಸಿವೋಟರ್ ಅನ್ನೋ ಸರ್ವೆ ಸಂಸ್ಥೆ ಜೊತೆ ಸೇರಿ ಭಾರತದಲ್ಲಿ ಮಾಡಿದ, 2022ರಲ್ಲಿ ವರದಿ ಬಂದ ಸರ್ವೆಯಲ್ಲೂ ಇದೇ ಕಂಡಿದ್ದು. ಶೇ. 54 ಜನ ಜಾಗತಿಕ ತಾಪಮಾನದ ಬಗ್ಗೆ ಸ್ವಲ್ಪ ಗೊತ್ತು ಇಲ್ಲಾ ಕೇಳೇ ಇಲ್ಲ ಅಂದ್ರು, ಚಿಕ್ಕದಾಗಿ ವಿವರಿಸಿದ ಮೇಲೆ ಶೇ. 84 ಜನ ಹೌದು ಅದು ಆಗ್ತಿದೆ ಅಂದ್ರು. ಪದ ಗೊತ್ತಿಲ್ಲ, ವಿಷಯ ಗೊತ್ತು.

ಈ ಹಂತ ಮುಗಿಯೋ ತನಕ ಫೋಟೋ ಬ್ಯಾಗಲ್ಲೇ ಇರ್ಲಿ. ಒಂದೇ ಒಂದು ಫೋಟೋ ಮೇಲೆ ಕಣ್ಣು ಬಿದ್ರೂ ಮೊದಲ ಪ್ರಶ್ನೆ ಕೆಟ್ಟಿತು ಅಂತಾನೇ ಲೆಕ್ಕ.

ಹಂತ 3: ಫೋಟೋ ಆರಿಸೋದು, ಅರ್ಧ ಟೈಮ್ ಇದಕ್ಕೇ ಇಡಿ

ಫೋಟೋಗಳನ್ನ ನಾಲ್ಕು ಗುಂಪು ಮಾಡ್ಕೊಳ್ಳಿ. ಕಾರಣ ತೋರಿಸೋವು: ಕಲ್ಲಿದ್ದಲು ಕರೆಂಟ್ ಸ್ಥಾವರ, ಟ್ರಾಫಿಕ್ಕು, ಕಾಡು ಕಡಿದಿರೋದು. ಪರಿಣಾಮ ತೋರಿಸೋವು: ನೆರೆ, ಬರ, ಬಿಸಿಲು, ಕರಗೋ ಹಿಮ. ಪರಿಹಾರ ತೋರಿಸೋವು: ಸೋಲಾರ್, ಗಾಳಿಯಂತ್ರ, ಕೃಷಿಹೊಂಡ, ಬಸ್ಸಲ್ಲಿ ಓಡಾಡೋ ಜನ. ಕೊನೇದು ಜನ ಮತ್ತು ರಾಜಕೀಯ: ಪ್ರತಿಭಟನೆ, ಸಮ್ಮೇಳನ. ಪ್ರತಿ ಗುಂಪಿಂದ 6, ಒಟ್ಟು 24, ಮೇಲೊಂದು ಸಂಬಂಧನೇ ಇಲ್ಲದ ಸಾಧಾರಣ ಫೋಟೋ, ಸಂತೆಯದ್ದೋ ಬೀದಿಯದ್ದೋ. ಆ 25ನೇದು ಸುಮ್ನೆ ಇಡೋದಲ್ಲ, ಅದಕ್ಕೂ ಯಾರಾದ್ರೂ "ತುಂಬಾ ಭಯ ಆಗುತ್ತೆ" ಅಂತ ಹಾಕಿದ್ರೆ ಅವರು ನೋಡದೇ ಉತ್ತರ ಕೊಡ್ತಿದ್ದಾರೆ ಅಂತ ಗೊತ್ತಾಗುತ್ತೆ.

ಬ್ರಿಟನ್ನಿನ ಕ್ಲೈಮೇಟ್ ಔಟ್‌ರೀಚ್ ಅನ್ನೋ ಸಂಸ್ಥೆ ಬ್ರಿಟನ್, ಜರ್ಮನಿ, ಅಮೆರಿಕ ಮೂರು ದೇಶದ ಜನರಿಗೆ ಫೋಟೋ ತೋರಿಸಿ ಸ್ಟಡಿ ಮಾಡಿ 2016ರಲ್ಲಿ ಕ್ಲೈಮೇಟ್ ವಿಶುವಲ್ಸ್ ಅಂತ ಒಂದು ಯೋಜನೆ ಶುರು ಮಾಡ್ತು. ಅವರಿಗೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ ಪೋಸ್ ಕೊಟ್ಟ ಫೋಟೋಗಿಂತ ನಿಜವಾದ ಜನ ಇರೋ ಫೋಟೋ ಮೇಲೆ ನಂಬಿಕೆ ಜಾಸ್ತಿ, ಮಾಮೂಲಿ ಪ್ರತಿಭಟನೆ ಫೋಟೋ ನೋಡಿದ್ರೆ ಚಳುವಳಿ ಮಾಡೋರಿಗೆ ಬಿಟ್ರೆ ಬೇರೆಯೋರಿಗೆ ಇದು ನಮ್ಮದು ಅನ್ಸಲ್ಲ, ಹಿಮಕರಡಿ ತಕ್ಷಣ ಅರ್ಥ ಆಗುತ್ತೆ ಆದ್ರೆ ಅದನ್ನ ನೋಡಿನೋಡಿ ಜನಕ್ಕೆ ಸಾಕಾಗಿದೆ. ಇದು ಅಲ್ಲಿನ ಮಾತು, ಇಲ್ಲೂ ಹಂಗೇನಾ ಅಂತ ನೋಡೋದೇ ನಿಮ್ಮ ಪ್ರಾಜೆಕ್ಟ್ ಆಗಬಹುದು. ನಾನು ಹಿಮಕರಡಿ ತೋರಿಸಿದಾಗ ಒಬ್ಬ ಅಜ್ಜಿ "ಎಷ್ಟ್ ಮುದ್ದಾಗೈತೆ" ಅಂತ ಕಾರ್ಡ್ ವಾಪಸ್ಸೇ ಕೊಡ್ಲಿಲ್ಲ.

ನಮ್ಮೂರ ಫೋಟೋ ಹಾಕಿ, ಆದ್ರೆ ನೋಡಿ ಹಾಕಿ. ಎಲ್ಲರೂ ಮಾಡೋ ತಪ್ಪು ಬೆಳ್ಳಂದೂರು ಕೆರೆ ನೊರೆ ಫೋಟೋ. ಅದು ಚರಂಡಿ ನೀರು, ಸೋಪಿನ ಪುಡಿ ಸೇರಿ ಆಗಿದ್ದು, ಮಾಲಿನ್ಯ, ಹವಾಮಾನ ಬದಲಾವಣೆ ಅಲ್ಲ. ಕಸದ ರಾಶಿ, ಪ್ಲಾಸ್ಟಿಕ್ ತಿನ್ನೋ ಹಸು, ಇವೂ ಅಷ್ಟೇ. ಜನ ಇವೆರಡನ್ನ ಒಂದೇ ಅಂದ್ಕೊಂಡಿದ್ದಾರಾ ಅಂತ ನೋಡ್ಬೇಕು ಅನ್ನೋ ಉದ್ದೇಶ ಇದ್ರೆ ಬೇಕಂತಲೇ ಒಂದು ಹಾಕಿ, ಇಲ್ಲಾಂದ್ರೆ ಬೇಡ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲಿ ಐಟಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನೆನಪಿದೆಯಲ್ಲ, ಅದನ್ನ ತೋರಿಸಿದ್ರೆ ಅರ್ಧ ಜನ ನಗ್ತಾರೆ, ಉಳಿದೋರು ರಾಜಕಾಲುವೆ ಒತ್ತುವರಿ ಬಗ್ಗೆ ಬೈತಾರೆ. ಮಳೆ ಬಗ್ಗೆ ಮಾತೇ ಬರಲ್ಲ. 2023ರ ಬರದ ಫೋಟೋ ಹಂಗಲ್ಲ, ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು, ಎಲ್ಲಿಗೆ ಹೋದ್ರೂ ಅದು ಅವರದ್ದೇ ಕಥೆ.

ಪಾವಗಡದ ಸೋಲಾರ್ ಪಾರ್ಕ್ ಇನ್ನೊಂದು ಉದಾಹರಣೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ರೈತರಿಂದ ಜಮೀನು ಲೀಸಿಗೆ ತಗೊಂಡು ಮಾಡಿದ್ದು. ಬೆಂಗಳೂರಿನ ಕಾಲೇಜ್ ಹುಡುಗಿಗೆ ಆ ಫೋಟೋ ಭವಿಷ್ಯ, ಪಾರ್ಕ್ ಇರೋ ತಿರುಮಣಿ ಕಡೆಯೋರಿಗೆ ಅದು ವರ್ಷದ ಬಾಡಿಗೆ ಲೆಕ್ಕ, ಕುರಿ ಮೇಯಿಸೋನಿಗೆ ಬೇಲಿ. ಮೂರೂ ಸರಿಯಾದ ಉತ್ತರವೇ, ಆದ್ರೆ ಮೂರನ್ನೂ "ಪರಿಹಾರದ ಬಗ್ಗೆ ಅಭಿಪ್ರಾಯ" ಅಂತ ಒಂದೇ ಸಾಲಿಗೆ ಸೇರಿಸಿ ಸರಾಸರಿ ತೆಗೆದ್ರೆ ಏನೂ ಉಳಿಯಲ್ಲ.

ಇನ್ನೊಂದಿಷ್ಟು ಹುಷಾರಿನ ವಿಷಯ ಬೇಗ ಹೇಳ್ತೀನಿ. ಎಲ್ಲಾ ಫೋಟೋ ಒಂದೇ ಸೈಜು, ಫೋರ್ ಬೈ ಸಿಕ್ಸ್ ಸಾಕು, ಮ್ಯಾಟ್ ಪ್ರಿಂಟ್ ಹಾಕ್ಸಿ, ಗ್ಲಾಸಿ ಹಾಕ್ಸಿದ್ರೆ ಹೊಲದ ಬಿಸಿಲಲ್ಲಿ ಹೊಳಪಿಗೆ ಏನೂ ಕಾಣಲ್ಲ. ಮೇಲೆ ಅಕ್ಷರ, ಪೇಪರ್ ಹೆಸರು, ಚಾನೆಲ್ ಲೋಗೋ ಇರಬಾರದು. ಗೂಗಲಲ್ಲಿ ಸಿಕ್ಕಿದ್ದನ್ನ ಇಳಿಸ್ಕೊಂಡು ಬಿಡಬೇಡಿ, ವಿಕಿಮೀಡಿಯಾ ಕಾಮನ್ಸಲ್ಲಿ ಲೈಸೆನ್ಸ್ ನೋಡಿ ತಗೊಳ್ಳಿ, ತೆಗೆದವರ ಹೆಸರು ವರದಿಯಲ್ಲಿ ಹಾಕಿ. ಎಐ ಮಾಡಿದ ಫೋಟೋ ಬೇಡವೇ ಬೇಡ, ಬೆರಳು ಆರಿದೆ ಅಂತ ಒಬ್ಬರು ಕಂಡುಹಿಡಿದ್ರೆ ಆಮೇಲೆ ನಿಮ್ಮ 25 ಫೋಟೋನೂ ಸುಳ್ಳೇ.

ಮತ್ತೆ ಕೊಡಗಿಗೆ ಹೋಗಿ 2018ರ ಭೂಕುಸಿತದ ಫೋಟೋ, ಬೆಳಗಾವಿ ಕಡೆ ಹೋಗಿ 2019ರ ನೆರೆ ಫೋಟೋ ಹೇಳದೆ ಕೇಳದೆ ಮುಂದಿಡಬೇಡಿ. ಎದುರು ಕೂತೋರ ಮನೆನೇ ಹೋಗಿರಬಹುದು. ಇಂಥ ಫೋಟೋ ಇದೆ, ಬೇಡ ಅಂದ್ರೆ ತೆಗೆದಿಡ್ತೀನಿ ಅಂತ ಮೊದಲೇ ಕೇಳಿ.

ಹಂತ 4: ಅಂಕ ಕೊಡಿಸೋದು

ಸೈಕಾಲಜಿಯೋರು ಫೋಟೋ ನೋಡಿ ಆಗೋ ಭಾವನೆಯನ್ನ ಎರಡು ಕಡೆಯಿಂದ ಅಳೀತಾರೆ. ಒಂದು ವೇಲೆನ್ಸ್, ಅಂದ್ರೆ ಹಿತವೋ ಅಹಿತವೋ. ಇನ್ನೊಂದು ಅರೌಸಲ್, ಅಂದ್ರೆ ಮನಸ್ಸು ಎಷ್ಟು ಕಲಕಿತು ಅನ್ನೋದು. ಬೇಜಾರಿನ ಫೋಟೋ ಎಲ್ಲಾ ಕಲಕೋದಿಲ್ಲ, ಒಣಗಿದ ಕೆರೆ ಫೋಟೋ ಅಹಿತ ಹೌದು ಆದ್ರೆ ನೋಡಿನೋಡಿ ಮರಗಟ್ಟಿರುತ್ತೆ. ಇದಕ್ಕೆ ಸ್ಯಾಮ್ ಅಂತ ಗೊಂಬೆ ಚಿತ್ರದ ಸ್ಕೇಲ್ ಇದೆ, ಬ್ರ್ಯಾಡ್ಲಿ ಮತ್ತು ಲ್ಯಾಂಗ್ 1994ರಲ್ಲಿ ವಿವರವಾಗಿ ಪರೀಕ್ಷೆ ಮಾಡಿ ಬರೆದಿದ್ದು, ಓದು ಬರಹ ಬರದವರಿಗೂ ನಡೆಯುತ್ತೆ. ನನಗೆ ಹಳ್ಳಿಯಲ್ಲಿ ಇನ್ನೂ ಸುಲಭ ಆಗಿದ್ದು ಹುಣಸೆಬೀಜ. ಪ್ರತಿ ಫೋಟೋಗೆ 5 ಬೀಜ ಕೈಗೆ ಕೊಡಿ, "ಮನಸ್ಸು ಎಷ್ಟು ಕಲಕಿತೋ ಅಷ್ಟು ಬೀಜ ಫೋಟೋ ಮೇಲಿಡಿ" ಅನ್ನಿ. ಅಂಕ ಅಂದ ಕೂಡ್ಲೇ ಪರೀಕ್ಷೆ ಥರ ಮುಖ ಬಿಗಿಯೋರು ಬೀಜ ಕೊಟ್ರೆ ಆರಾಮಾಗಿ ಇಡ್ತಾರೆ.

ಆದ್ರೆ ಬರೀ ಭಾವನೆ ಕೇಳಿ ನಿಲ್ಲಿಸಬೇಡಿ. ಪ್ರತಿ ಫೋಟೋಗೂ ಈ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ: "ಇದನ್ನ ನೋಡಿದ್ರೆ ಈ ವಿಷಯ ಎಷ್ಟು ಮುಖ್ಯ ಅನ್ಸುತ್ತೆ?" ಮತ್ತು "ಇದನ್ನ ನೋಡಿದ್ರೆ ನನ್ನ ಕೈಲೂ ಏನಾದ್ರೂ ಆಗುತ್ತೆ ಅನ್ಸುತ್ತಾ?" ಸಾಫ್ರನ್ ಓನೀಲ್ ಅನ್ನೋ ಸಂಶೋಧಕಿ ಮತ್ತವರ ಜೊತೆಯವರು ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕದಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಸ್ಟಡಿಯ ತಿರುಳೇ ಇದು. ನೆರೆ ಬರದಂಥ ಫೋಟೋ ವಿಷಯ ಮುಖ್ಯ ಅನ್ನಿಸ್ತು, ಅದೇ ಫೋಟೋ ನಮ್ಮ ಕೈಲಿ ಏನೂ ಆಗಲ್ಲ ಅಂತಲೂ ಅನ್ನಿಸ್ತು. ಮುಂದಿನ ಕಾಲದ ಇಂಧನ ತೋರಿಸೋ ಫೋಟೋಗಳು ಕೈಲಾಗುತ್ತೆ ಅನ್ನೋ ಭಾವನೆ ತಂದ್ವು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಿದ್ರೆ ಒಂದು ಇನ್ನೊಂದನ್ನ ನುಂಗಿಹಾಕುತ್ತೆ, ಸರಾಸರಿ 3 ಬಂತು ಅಂತ ಬರೆದು ಮನೆಗೆ ಬರ್ತೀರಿ.

ಹಂತ 5: ಕಾರ್ಡ್ ಜೋಡಿಸೋ ಆಟ

ಇದಕ್ಕೆ ಕ್ಯೂ ವಿಧಾನ ಅಂತಾರೆ, ವಿಲಿಯಂ ಸ್ಟೀಫನ್‌ಸನ್ 1935ರಲ್ಲಿ ಶುರು ಮಾಡಿದ್ದು, ಮೇಲೆ ಹೇಳಿದ ಓನೀಲ್ ತಂಡವೂ ಇದನ್ನೇ ಬಳಸಿದ್ದು. ಡ್ರಾಯಿಂಗ್ ಶೀಟ್ ಮೇಲೆ ಮೈನಸ್ 4ರಿಂದ ಪ್ಲಸ್ 4ರವರೆಗೆ 9 ಸಾಲು ಎಳೀರಿ. ಎರಡೂ ತುದಿಯಲ್ಲಿ 1 ಮನೆ, ಅದರ ಪಕ್ಕ 2, ಆಮೇಲೆ 3, ಆಮೇಲೆ 4, ನಟ್ಟನಡುವೆ 5 ಮನೆ. ಒಟ್ಟು 25. 4ನೇ ಹಂತದ ಎರಡು ಪ್ರಶ್ನೆಯಲ್ಲಿ ಒಂದನ್ನ ಕೇಳಿ, ಅದಕ್ಕೆ ತಕ್ಕಂತೆ ಮೊದಲು ಫೋಟೋಗಳನ್ನ ಮೂರು ರಾಶಿ ಮಾಡೋಕೆ ಹೇಳಿ, ಹೌದು ಅನ್ನೋವು, ಇಲ್ಲ ಅನ್ನೋವು, ಹಂಗೂ ಅಲ್ಲ ಹಿಂಗೂ ಅಲ್ಲ ಅನ್ನೋವು. ಆಮೇಲೆ ಒಂದೊಂದಾಗಿ ಮನೆಗೆ ಹಾಕ್ಸಿ. ತುದಿಯಲ್ಲಿ ಒಂದೇ ಮನೆ ಇರೋದ್ರಿಂದ ಎಲ್ಲಾದಕ್ಕೂ ಪೂರ್ತಿ ಮಾರ್ಕ್ಸ್ ಕೊಟ್ಟು ಏಳೋಕೆ ಆಗಲ್ಲ, ಒಂದನ್ನ ಇಡ್ಬೇಕು ಅಂದ್ರೆ ಇನ್ನೊಂದನ್ನ ಸರಿಸ್ಬೇಕು, ಆ ಸರಿಸೋ ಹೊತ್ತಲ್ಲಿ ಜನ ತಾವಾಗೇ ಮಾತಾಡ್ತಾರೆ, ಅದನ್ನ ಬರ್ಕೊಳ್ಳಿ. ಯಾಕೆ ಅನ್ನೋದು ಅಲ್ಲೇ ಇರೋದು.

30-40 ಜನ ಸಾಕು. ಲೆಕ್ಕ ಹಾಕೋಕೆ ಪಿಕ್ಯೂಮೆಥಡ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರೋರಿಗೆ ಕ್ಯೂಮೆಥಡ್ ಪ್ಯಾಕೇಜ್ ಇದೆ. ಒಂದೇ ಥರ ಜೋಡಿಸಿದವರನ್ನ ಅದು ಗುಂಪು ಮಾಡಿಕೊಡುತ್ತೆ. ಆದ್ರೆ ದಯವಿಟ್ಟು "ಶೇ. 40 ಜನ ಹೀಗಂತಾರೆ" ಅಂತ ಬರೀಬೇಡಿ, ಈ ವಿಧಾನ ಎಂಥೆಂಥ ದೃಷ್ಟಿ ಇವೆ ಅಂತ ಹೇಳುತ್ತೆ, ಎಷ್ಟೆಷ್ಟು ಜನ ಅಂತ ಹೇಳಲ್ಲ. ವೈವಾದಲ್ಲಿ ಸಿಕ್ಕಿಬೀಳೋ ಜಾಗ ಇದೇ.

ಫೀಲ್ಡಲ್ಲಿ ಎಡವೋ ಕಡೆಗಳು ಕೆಲವು ಇವೆ. ನೀವು ಫೈಲ್ ಹಿಡ್ಕೊಂಡು ಹೋದ್ರೆ ಬೆಳೆ ಪರಿಹಾರದ ಸರ್ವೆ ಅಂದ್ಕೋತಾರೆ, ಆಗ ಎಲ್ಲಾ ಫೋಟೋನೂ ಭಯಂಕರವೇ. ಮೊದಲೇ "ಇದರಿಂದ ದುಡ್ಡು ಬರಲ್ಲ, ಕಾಲೇಜ್ ಕೆಲಸ" ಅಂತ ಹೇಳಿ. ಹೆಂಗಸರನ್ನ ಕೇಳುವಾಗ ಮನೆ ಯಜಮಾನರು ಪಕ್ಕ ನಿಂತು "ಅವಳಿಗೆ ಏನ್ ಗೊತ್ತು, ನನ್ನ ಕೇಳಿ" ಅಂದೇ ಅಂತಾರೆ, ಅವರಿಗೊಂದು ಬೇರೆ ಸೆಟ್ ಕೊಟ್ಟು ಸ್ನೇಹಿತನ ಜೊತೆ ಜಗಲಿಗೆ ಕಳಿಸಿ. ಪ್ರತಿಯೊಬ್ಬರಿಗೂ ಕಾರ್ಡ್ ಕಲಸಿ ಕೊಡಿ, ಇಸ್ಪೀಟ್ ಥರ. ಗೂಗಲ್ ಫಾರ್ಮಲ್ಲಿ ಮಾಡಿದ್ರೆ ಪ್ರಶ್ನೆಗಳ ಕ್ರಮ ಕಲಸೋ ಆಯ್ಕೆ ಆನ್ ಮಾಡಿ, ಮತ್ತೆ ಫ್ಯಾಮಿಲಿ ಗ್ರೂಪಲ್ಲಿ ಫಾರ್ವರ್ಡ್ ಮಾಡಿದ ಫಾರ್ಮಿಗೆ ಬರೋದು ನಿಮ್ಮ ಫ್ಯಾಮಿಲಿ ಅಭಿಪ್ರಾಯ ಅಷ್ಟೇ. ತಾರೀಖು ತಪ್ಪದೇ ಬರೀರಿ. ಏಪ್ರಿಲ್ ಬಿಸಿಲಲ್ಲಿ ಕೇಳಿದ್ದಕ್ಕೂ ಆಗಸ್ಟ್ ಮಳೆಯಲ್ಲಿ ಕೇಳಿದ್ದಕ್ಕೂ ಹೋಲಿಕೆ ಇರಲ್ಲ.

ಹಂತ 6: ಆನ್‌ಲೈನ್ ಫೋಟೋ ಲೆಕ್ಕ ಹಾಕೋರಿಗೆ

ಮುಂಚೆ ಟ್ವಿಟರ್ ಸಂಶೋಧಕರಿಗೆ ಫ್ರೀಯಾಗಿ ಡೇಟಾ ಕೊಡ್ತಿತ್ತು, 2023ರಲ್ಲಿ ಅದು ನಿಂತೋಯ್ತು, ಹಳೇ ಪೇಪರ್ ನೋಡಿ ಅದೇ ಥರ ಮಾಡ್ತೀನಿ ಅಂತ ಹೊರಡಬೇಡಿ. ಸಾರ್ವಜನಿಕವಾಗಿ ಹಾಕಿರೋ ಫೋಟೋ, ಪೇಪರಲ್ಲಿ ಬಂದ ಫೋಟೋ 200 ಇದ್ರೂ ಒಳ್ಳೇ ಪ್ರಾಜೆಕ್ಟ್ ಆಗುತ್ತೆ. ವಾಟ್ಸಾಪ್ ಗ್ರೂಪಿನ ಫೋಟೋ ಆ ಗ್ರೂಪಿನೋರ ಒಪ್ಪಿಗೆ ಇಲ್ದೆ ತಗೋಬೇಡಿ.

ಮೊದಲು ಒಂದೇ ಫೋಟೋ ಹತ್ತು ಸಲ ಬಂದಿರೋದನ್ನ ಬೇರೆ ಮಾಡಿ, ಎಷ್ಟು ಸಲ ಬಂತು ಅಂತ ಪಕ್ಕದಲ್ಲಿ ಬರ್ಕೊಳ್ಳಿ. ಆಮೇಲೆ ಗೂಗಲ್ ಲೆನ್ಸಲ್ಲಿ ಹಾಕಿ ನೋಡಿ, ಈ ವರ್ಷದ ನೆರೆ ಅಂತ ಓಡಾಡೋ ಫೋಟೋ ಯಾವುದೋ ಕಾಲದ್ದು ಯಾವುದೋ ದೇಶದ್ದು ಆಗಿರುತ್ತೆ.

ಆಮೇಲೆ ಕೋಡಿಂಗ್, ಅಂದ್ರೆ ಪ್ರೋಗ್ರಾಮ್ ಬರೆಯೋದಲ್ಲ, ಪ್ರತಿ ಫೋಟೋಗೆ ಇದು ಕಾರಣ, ಇದು ಪರಿಣಾಮ ಅಂತ ಚೀಟಿ ಅಂಟಿಸೋದು. ಇಲ್ಲಿ ಸ್ನೇಹಿತ ಬೇಕು. ಇಬ್ಬರೂ ಒಬ್ಬರದ್ದೊಬ್ಬರು ನೋಡದೆ ಚೀಟಿ ಅಂಟಿಸಿ, ಆಮೇಲೆ ಕಪ್ಪಾ ಲೆಕ್ಕ ಹಾಕಿ. ಕಪ್ಪಾ ಅಂದ್ರೆ ಅದೃಷ್ಟದಿಂದ ಹೊಂದಿದ್ದನ್ನ ಕಳೆದು ಉಳಿಯೋ ಒಪ್ಪಿಗೆ. ಉದಾಹರಣೆಗೆ 100 ಫೋಟೋದಲ್ಲಿ 80ಕ್ಕೆ ಇಬ್ಬರದ್ದೂ ಒಂದೇ ಚೀಟಿ. ಖುಷಿಪಡಬೇಡಿ. ಇಬ್ಬರೂ ತಲಾ 70 ಫೋಟೋಗೆ "ಪರಿಣಾಮ", 30ಕ್ಕೆ "ಬೇರೆ" ಅಂತ ಹಾಕಿದ್ರೆ ಕಣ್ಣುಮುಚ್ಚಿ ಅಂಟಿಸಿದ್ರೂ 0.7 ಗುಣಿಸು 0.7, ಕೂಡಿಸು 0.3 ಗುಣಿಸು 0.3, ಒಟ್ಟು 0.58 ಹೊಂದುತ್ತೆ. 0.80ರಲ್ಲಿ 0.58 ಕಳೆದ್ರೆ 0.22, ಅದನ್ನ 1ರಲ್ಲಿ 0.58 ಕಳೆದು ಉಳಿದ 0.42ರಿಂದ ಭಾಗಿಸಿದ್ರೆ 0.52. ಶೇ. 80 ಅಂತ ಕಂಡಿದ್ದು ನಿಜವಾಗಿ ಅರ್ಧಂಬರ್ಧ. ಹಿಂಗೆ ಬಂದ್ರೆ ಎಲ್ಲಿ ಜಗಳ ಆಗ್ತಿದೆ ನೋಡಿ, ನಿಯಮ ತಿದ್ದಿ, ಹೊಸ ಫೋಟೋ ಮೇಲೆ ಮತ್ತೆ ಮಾಡಿ.

ಇದನ್ನೆಲ್ಲಾ ಎಐ ಮಾಡಲ್ವಾ ಅಂತ ಕೇಳ್ತೀರಿ ಗೊತ್ತು. ಓಪನ್‌ಎಐ 2021ರಲ್ಲಿ ಬಿಟ್ಟ ಕ್ಲಿಪ್ ಥರದ ಮಾಡೆಲ್‌ಗಳು ಫೋಟೋದಲ್ಲಿ ನೀರಿದೆಯಾ, ಸೋಲಾರ್ ಇದೆಯಾ ಅಂತ ವಿಂಗಡಿಸೋಕೆ ಚೆನ್ನಾಗೇ ಇವೆ, ಸಾವಿರಾರು ಫೋಟೋ ಇದ್ರೆ ಬಳಸಿ, ಒಂದು 100 ಮಾತ್ರ ಕೈಯಲ್ಲಿ ಚೆಕ್ ಮಾಡಿ. ಆದ್ರೆ ಭಾವನೆ ಹೇಳೋಕೆ ಬಿಡಬೇಡಿ. ನೆರೆ ನೀರಲ್ಲಿ ಆಡ್ತಾ ನಗ್ತಿರೋ ಮಕ್ಕಳ ಫೋಟೋ ಕೊಟ್ರೆ ಅದು ಸಂತೋಷ ಅನ್ನುತ್ತೆ. ಫೋಟೋದಲ್ಲಿರೋ ಮುಖದ ಭಾವನೆ ಬೇರೆ, ಹಾಕಿದವರ ಭಾವನೆ ಬೇರೆ, ನೋಡಿದವರದ್ದು ಇನ್ನೂ ಬೇರೆ. ಲೈಕೂ ಅಷ್ಟೇ, ಮನೆ ಮುಳುಗಿದ ಫೋಟೋಗೆ ಸಾವಿರ ಲೈಕ್ ಬಂದ್ರೆ ಜನಕ್ಕೆ ಇಷ್ಟ ಆಯ್ತು ಅಂತ ಬರೀತೀರಾ?

ಹಂತ 7: ಲೆಕ್ಕ, ವರದಿ

ಕೆಲವರು ಕೈ ಬಿಚ್ಚಿ ಅಂಕ ಕೊಡ್ತಾರೆ, ಕೆಲವರು ಹಿಡಿದು ಕೊಡ್ತಾರೆ. ಒಬ್ಬರು ಮೂರು ಫೋಟೋಗೆ 3, 5, 4 ಬೀಜ, ಇನ್ನೊಬ್ಬರು 1, 3, 2 ಇಟ್ರೆ ಇಬ್ಬರೂ ಹೇಳ್ತಿರೋದು ಒಂದೇ, ಎರಡನೇ ಫೋಟೋ ಜಾಸ್ತಿ ಕಲಕಿತು ಅಂತ. ಅದಕ್ಕೆ ಪ್ರತಿಯೊಬ್ಬರ ಅಂಕದಿಂದ ಅವರದ್ದೇ ಸರಾಸರಿ ಕಳೀರಿ, ಇಬ್ಬರಿಗೂ ಮೈನಸ್ 1, ಪ್ಲಸ್ 1, ಸೊನ್ನೆ ಬರುತ್ತೆ. ಆಮೇಲೆ ಊರು, ವಯಸ್ಸು, ಕಸುಬು ಅಂತ ಬೇರೆ ಮಾಡಿ ನೋಡಿ. ಫೋಟೋದ ಒಟ್ಟು ಸರಾಸರಿಗಿಂತ ಈ ಗುಂಪುಗಳ ನಡುವಿನ ವ್ಯತ್ಯಾಸದಲ್ಲೇ ಹೇಳೋಕೆ ಏನಾದ್ರೂ ಸಿಗೋದು.

ವರದಿಯಲ್ಲಿ ಎಷ್ಟು ಜನ, ಯಾವ ಊರು, ಯಾವ ತಾರೀಖು, ಕೇಳಿದ ಪ್ರಶ್ನೆ ಅಕ್ಷರಕ್ಷರ ಇರ್ಲಿ, 25 ಫೋಟೋನೂ ಚಿಕ್ಕದಾಗಿ ಕೊನೆಗೆ ಹಾಕಿ. ಎರಡು ಹಳ್ಳಿಯ 40 ಜನರನ್ನ ಕೇಳಿ "ಕರ್ನಾಟಕದ ಜನತೆಯ ಅಭಿಪ್ರಾಯ" ಅಂತ ಹೆಡ್ಡಿಂಗ್ ಕೊಡಬೇಡಿ. ಜನರ ಹೆಸರು, ಫೋನ್ ನಂಬರ್ ಅಂಕದ ಶೀಟಲ್ಲಿ ಇರಬಾರದು, ನಂಬರ್ ಕೊಟ್ಟು ಹೆಸರಿನ ಪಟ್ಟಿ ಬೇರೆ ಇಡಿ.

ಕಾರ್ಡ್ ಹಿಂದೆ ಬರೆದ ನಂಬರಿಗೆ ಯಾವ ಫೋಟೋ ಅನ್ನೋ ಪಟ್ಟಿ ಮಾತ್ರ ಎರಡು ಕಡೆ ಇಟ್ಕೊಳ್ಳಿ, ಒಂದು ಮೊಬೈಲಲ್ಲಿ ಒಂದು ಪೇಪರಲ್ಲಿ. ಅದು ಕಳೆದ್ರೆ 40 ಜನರ ಅಂಕ ಕೈಯಲ್ಲಿರುತ್ತೆ, ಯಾವ ಫೋಟೋಗೆ ಕೊಟ್ಟಿದ್ದು ಅಂತ ಯಾರಿಗೂ ಗೊತ್ತಿರಲ್ಲ.